ಮೂರನೆಯ ಜೇಬು

ಹೆಬ್ಬಾಳ

ನನ್ನ ಅಮೆರಿಕ ಪ್ರಯಾಣದ ಮೊದಲ ಮುಕ್ಕಾಲು ಗಂಟೆ ಹೆಬ್ಬಾಳದ ಫ್ಲೈಓವರ್ ಮೇಲೆಯೇ ಕಳೆಯಿತು. ಕಾರು ಅಲ್ಲಾಡಲಿಲ್ಲ. ಗಂಗಾನಗರದ ನನ್ನ ಟೈಲರಿಂಗ್ ಅಂಗಡಿಯಲ್ಲಿ ಕಾಜ, ಗುಂಡಿ, ಹೆಮ್ಮಿಂಗ್ ನೋಡಿಕೊಳ್ಳುವ ನಸೀಮಾ ನನ್ನನ್ನು ಬೀಳ್ಕೊಡಲು ಬಂದಿದ್ದಳು. ನಾನು ನಿಮಿಷಕ್ಕೊಮ್ಮೆ ಗಡಿಯಾರ ನೋಡುವುದನ್ನು ಕಂಡು ಅವಳು, "ಕೈಕೂ ಟೆನ್ಶನ್ ಅಕ್ಕಾ, ಯಾಕೆ? ಪ್ಲೇನಿನವ್ರೂ ಇಲ್ಲೇ ಹಿಂದೆ ಎಲ್ಲೋ ಸಿಕ್ಕಾಕೊಂಡಿರ್ತಾರೆ" ಅಂದಳು. ಮೂವತ್ತು ವರ್ಷ ಜೊತೆಗೆ ದುಡಿದವಳು, ನನ್ನ ಸಿಡುಕಿಗೆ ಕೇರ್ ಮಾಡುವುದಿಲ್ಲ.

ಹೊರಟಿದ್ದು ತಂಗಿ ಭಾರತಿಯ ಮನೆಗೆ. ಅವಳೂ ಗಂಡ ಮಂಜುನಾಥನೂ ಟೆಕ್ಸಾಸಿನಲ್ಲಿ ಇದ್ದಾರೆ. ಮಂಜು ಸೋಲದೇವನಹಳ್ಳಿಯವನು, ಮೆಕ್ಯಾನಿಕ್ ಕೆಲಸ ಕಲಿತು ಅಲ್ಲಿ ಇಲ್ಲಿ ದುಡಿದು ಕೊನೆಗೆ ಒಂದು ಸಣ್ಣ ಊರಿನ ಹೆದ್ದಾರಿ ಪಕ್ಕ ಪೆಟ್ರೋಲ್ ಬಂಕಿನ ಅಂಗಡಿ ಇಟ್ಟುಕೊಂಡವನು. "ದಸರಾಕ್ಕೆ ಬಾ ವನಜಕ್ಕ, ನೀನು ಬರಲೇಬೇಕು" ಎಂದು ಭಾರತಿ ಫೋನಿನಲ್ಲಿ ಹಟ ಹಿಡಿದಿದ್ದಳು. ಅವಳು ಹಟ ಮಾಡುವ ಪೈಕಿ ಅಲ್ಲ. ಏನೋ ಇದೆ ಅಂದುಕೊಂಡೇ ಟಿಕೆಟ್ ಮಾಡಿಸಿದೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೈಚೀಲದಿಂದ ನನ್ನ ಕತ್ತರಿ ಸಿಕ್ಕಿತು. ಹತ್ತು ಇಂಚಿನದು, ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ನಾನು ಊರಿಗೆ ಹೋದರೆ ಅದೂ ಬರುತ್ತದೆ. "ಅಮ್ಮಾ, ಇದು ಆಯುಧ" ಅಂದಳು ಅಲ್ಲಿನ ಹುಡುಗಿ. "ಅಯ್ಯೋ ರಾಮ, ಇದ್ರಲ್ಲಿ ರವಿಕೆ ಬಿಟ್ಟು ಇನ್ನೇನೂ ಕತ್ತರಿಸಿಲ್ಲಮ್ಮ" ಎಂದರೂ ಬಿಡಲಿಲ್ಲ. ಮತ್ತೆ ಕೌಂಟರಿಗೆ ಓಡಿ, ಬೇಡಿಕೊಂಡು, ಅದನ್ನು ಒಂದು ರಟ್ಟಿನ ಡಬ್ಬದಲ್ಲಿ ಹಾಕಿಸಿ ಲಗೇಜಿಗೆ ಕಳಿಸಿದೆ. ಏಳು ಸಮುದ್ರ ದಾಟಿ ಹ್ಯೂಸ್ಟನ್‌ನಲ್ಲಿ ಇಳಿದಾಗ ದಿಂಬಿನಷ್ಟು ದೊಡ್ಡ ಡಬ್ಬದೊಳಗೆ ಕತ್ತರಿ ಒಂದೇ ಗಡಗಡ ಸದ್ದು ಮಾಡುತ್ತಾ ಬೆಲ್ಟಿನ ಮೇಲೆ ಬಂತು.

ಹ್ಯೂಸ್ಟನ್‌ನಿಂದ ಎರಡು ಗಂಟೆ ದೂರ

ಕರೆದೊಯ್ಯಲು ಬಂದಿದ್ದ ಮಂಜು ಕಾರಿನ ಹತ್ತಿರ ಹೋದವನೇ ಖಾಕಿ ವೇಸ್ಟ್‌ಕೋಟ್ ಹಾಕಿಕೊಂಡ. ಬೆವರು ಸುರಿಯುವ ಸೆಖೆಯಲ್ಲಿ ವೇಸ್ಟ್‌ಕೋಟ್! ಟೈಲರ್ ಕಣ್ಣು ಸುಮ್ಮನಿರುತ್ತದೆಯೇ? ಬಲಗಡೆ ಅಂಚು ಎಡಗಡೆಗಿಂತ ಒಂದು ಬೆರಳು ಕೆಳಗಿತ್ತು. ಬಟ್ಟೆ ಸೊಂಟದ ಬಳಿ ಉಬ್ಬಿತ್ತು.

"ಸೊಂಟದಲ್ಲಿ ಏನೋ ಅದು?" ಅಂದೆ.

"ಪಿಸ್ತೂಲು ಅಕ್ಕ. ಇಲ್ಲಿ ಎಲ್ರತ್ರನೂ ಇರತ್ತೆ. ಭಯ ಬೇಡ" ಎಂದು ನಕ್ಕ.

ನನ್ನ ಕತ್ತರಿಗೆ ಅಷ್ಟು ರಂಪ ಮಾಡಿದ್ದು ನೆನಪಾಗಿ ನನಗೂ ನಗು ಬಂತು.

ಮರುದಿನ ಅವನು ಅಂಗಡಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಭಾರತಿ ಬಾಯಿ ಬಿಟ್ಟಳು. ನಾಲ್ಕು ತಿಂಗಳ ಹಿಂದೆ ಮಟಮಟ ಮಧ್ಯಾಹ್ನ ಟೋಪಿ ಹಾಕಿದ್ದ ಒಬ್ಬ ಅಂಗಡಿಗೆ ನುಗ್ಗಿ ಪಿಸ್ತೂಲು ತೋರಿಸಿ ಗಲ್ಲಾ ಬಳಿದುಕೊಂಡು ಹೋಗಿದ್ದ. ಮಂಜುವಿನ ಪಿಸ್ತೂಲು ಆವತ್ತು ಕಾರಿನಲ್ಲೇ ಉಳಿದುಬಿಟ್ಟಿತ್ತಂತೆ.

"ಅದಾದ್ಮೇಲೆ ಒಂದು ದಿನ ಬಿಚ್ಚಿಟ್ಟಿಲ್ಲ ಅಕ್ಕ. ಬಿಚ್ಚೋದು ಹಾಳಾಗ್ಲಿ, ಸೇರಿಸ್ತಾನೇ ಹೋಗ್ತಿದಾರೆ. ಪಿಸ್ತೂಲಿನ ಒಳಗೆ ಹದಿನೈದು ಗುಂಡು ಇರತ್ತೆ. ಆ ಗುಂಡು ತುಂಬೋ ಡಬ್ಬಿಗೆ ಮ್ಯಾಗಜೀನ್ ಅಂತಾರೆ. ಮೊದ್ಲು ಹೆಚ್ಚಿಗೆ ಒಂದು ಮ್ಯಾಗಜೀನ್ ತಂದ್ರು. ಆಮೇಲೆ ಇನ್ನೊಂದು. ಒಟ್ಟು ನಲವತ್ತೈದು ಗುಂಡು ಸುತ್ಕೊಂಡು ಹಾಲು ಮೊಸರು ಮಾರ್ತಾರೆ. ರಾತ್ರಿ ನಿದ್ದೆ ಇಲ್ಲ. ಮಾತಿಲ್ಲ. ಮನೆಗೆ ಯಾರನ್ನೂ ಕರಿಯೋ ಹಾಗಿಲ್ಲ."

"ನೀನು ಕೇಳ್ಲಿಲ್ವಾ?"

"ಕೇಳ್ದೆ. ಹೇಳ್ದೆ. ಹೆಚ್ಚಿಗೆ ಇನ್ನೊಂದು, ಮೂರನೇದು ತಂದ್ರೆ ನಾನು ವನಜಕ್ಕನ ಜೊತೆ ಬೆಂಗಳೂರಿಗೆ ಹೊರಟೆ ಅಂತ. ಬಾಯ್ಮಾತಿಗೆ ಅಲ್ಲ ಅಕ್ಕ." ಅವಳು ನನ್ನನ್ನು ಕೋಣೆಗೆ ಕರೆದೊಯ್ದು ಮಂಚದ ಕೆಳಗಿನಿಂದ ಕೆಂಪು ಸೂಟ್‌ಕೇಸ್ ಎಳೆದು ತೋರಿಸಿದಳು. ಅರ್ಧ ಬಟ್ಟೆ ಆಗಲೇ ಒಳಗಿತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲದ ಮನೆ, ಒಬ್ಬರಿಗೊಬ್ಬರು ಅಂತ ಬದುಕಿದವರು.

"ನಿನ್ನ ಮಾತು ಅಂದ್ರೆ ಕೇಳ್ತಾರೆ, ನೀನೇ ಏನಾದ್ರೂ ಹೇಳು" ಎಂದು ಕೈ ಹಿಡಿದುಕೊಂಡಳು. ಬೆಕ್ಕಿಗೆ ಗಂಟೆ ಕಟ್ಟಲು ನನ್ನನ್ನು ಇಷ್ಟು ದೂರದಿಂದ ಕರೆಸಿದ್ದಾಳೆ ಅಂತ ಆಗ ಗೊತ್ತಾಯಿತು.

ಬಂಕಿನ ಅಂಗಡಿ

ಹೇಳುವುದಕ್ಕೆ ಮೊದಲು ನೋಡಬೇಕಲ್ಲ. ದಿನಾ ಮಂಜುವಿನ ಜೊತೆ ಅಂಗಡಿಗೆ ಹೋಗಿ ಗಲ್ಲಾದ ಹಿಂದೆ ಸ್ಟೂಲ್ ಹಾಕಿಕೊಂಡು ಕೂರತೊಡಗಿದೆ. ಬಾಗಿಲಿನಲ್ಲಿ ಒಂದು ಪುಟ್ಟ ಗಂಟೆ ಇದೆ. ಯಾರು ಬಂದರೂ ಅದು ಟಿಣ್ ಅನ್ನುತ್ತದೆ, ಮಂಜುವಿನ ಭುಜ ಕಿವಿಯ ತನಕ ಏರುತ್ತದೆ.

ನನಗೆ ಅಲ್ಲಿ ಚೆನ್ನಾಗಿ ಹೊತ್ತು ಹೋಯಿತು ಅಂದರೆ ನಂಬಬೇಕು. ಬರುವವರ ಬಟ್ಟೆ ನೋಡಿ ಯಾರ ಹತ್ತಿರ ಪಿಸ್ತೂಲಿದೆ ಎಂದು ಊಹಿಸುವುದೇ ನನ್ನ ಆಟ. ಪ್ಯಾಂಟಿನ ಒಂದು ಕಡೆಯ ಪಟ್ಟಿ ಜಗ್ಗಿದರೆ ಇದೆ. ಕೂರುವಾಗ ಅಂಗಿ ಎಳೆದುಕೊಂಡರೆ ಇದೆ. ದಪ್ಪ ಆಸಾಮಿಯೊಬ್ಬನ ಹೊಟ್ಟೆಯೇ ಅದನ್ನು ಮರೆಮಾಡಿತ್ತು, ನಾನು ಸೋತೆ. ಎಲ್ಲರೂ ಬಾಗಿಲು ಹಿಡಿದು ಇನ್ನೊಬ್ಬರಿಗೆ ದಾರಿ ಬಿಡುತ್ತಾರೆ, "ಹೇಗಿದ್ದೀರಿ ಮೇಡಂ" ಅನ್ನುತ್ತಾರೆ. ನಮ್ಮ ಯಶವಂತಪುರ ಮಾರ್ಕೆಟ್ಟಿನಲ್ಲಿ ಕೈಯಲ್ಲಿ ಕೊತ್ತಂಬರಿ ಕಟ್ಟು ಬಿಟ್ಟು ಬೇರೇನೂ ಇಲ್ಲದವರು ಮೊಣಕೈಯಲ್ಲಿ ತಿವಿದು ಹೋಗುತ್ತಾರೆ.

ದಿನಾ ಕಾಫಿಗೆ ಬರುವ ವಾಲ್ಟರ್ ಎಂಬ ಮುದುಕ ನನಗೆ ಗೆಳೆಯನಾದ. ಕರೆಂಟ್ ಕಂಬ ಹತ್ತುವ ಕೆಲಸದಲ್ಲಿದ್ದು ನಿವೃತ್ತನಾದವನು. ಅವನ ಬಲ ಜೇಬಿನಲ್ಲಿ ಒಂದು ಪುಟ್ಟ ರಿವಾಲ್ವರ್, ಐದೇ ಗುಂಡು. ಎಷ್ಟು ವರ್ಷದಿಂದಲೋ ಅಷ್ಟೇ ಅಂತೆ. ನನ್ನ ಹರುಕು ಇಂಗ್ಲಿಷಿನಲ್ಲಿ "ಸಾಕಾ?" ಎಂದು ಕೇಳಿದೆ. "ಐದರಲ್ಲಿ ಮುಗಿಯದ ಜಗಳ ಅಂದ್ರೆ ನಾನು ಮೊದಲೇ ಓಡಬೇಕಿತ್ತು" ಅಂದ. ಪಕ್ಕದಲ್ಲಿದ್ದ, ಕುದುರೆ ಸಾಕುವ ಹೆಂಗಸು ಒಪ್ಪಲಿಲ್ಲ. ಅವಳ ಹತ್ತಿರ ಹೆಚ್ಚಿಗೆ ಎರಡು ಮ್ಯಾಗಜೀನ್, ಒಂದು ಬೂಟಿನಲ್ಲಿ. "ಇದ್ದೂ ಬೇಡವಾಗೋದು ಮೇಲು, ಬೇಕಾದಾಗ ಇಲ್ಲದೆ ಹೋಗೋದಕ್ಕಿಂತ" ಅಂದಳು. ನಮ್ಮಲ್ಲಿ ಮದುವೆಗೆ ಎಷ್ಟು ಸೇರು ಅಕ್ಕಿ ಹಾಕಿಸಬೇಕು ಎಂದು ಬೀಗರು ಮಾತಾಡುತ್ತಾರಲ್ಲ, ಅದೇ ಸಮಾಧಾನದಲ್ಲಿ ಅವರು ಗುಂಡಿನ ಲೆಕ್ಕ ಮಾತಾಡುತ್ತಿದ್ದರು.

ಮಂಜು ನನಗೆ ಬಿಡಿಸಿ ಹೇಳಿದ. "ಜಾಸ್ತಿ ಗುಂಡು ಹೊಡಿಯಕ್ಕೆ ಅಂತಲ್ಲ ಅಕ್ಕ. ಮ್ಯಾಗಜೀನೇ ಕೈಕೊಡಬಹುದು, ಸ್ಪ್ರಿಂಗ್ ಹಿಡ್ಕೋಬಹುದು. ಆಗ ಅದನ್ನ ಎಸೆದು ಇನ್ನೊಂದು ಹಾಕ್ಬೇಕು."

ಇದು ನನಗೆ ಅರ್ಥವಾಗುವ ಮಾತು. ಮದುವೆ ಮನೆಗೆ ರವಿಕೆ ಸರಿಮಾಡಲು ಹೋಗುವಾಗ ನಾನೂ ಮೆಷಿನ್ನಿನಲ್ಲಿ ದಾರ ಸುತ್ತಿದ ಒಂದು ಬಾಬಿನ್, ಜೊತೆಗೆ ಇನ್ನೊಂದು ಒಯ್ಯುತ್ತೇನೆ. "ಒಂದು ಹೆಚ್ಚಿಗೆ ಸರಿ. ಎರಡು ಯಾಕೋ?" ಅಂದೆ. ಅವನು ಗಲ್ಲಾದ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿದ.

ಪಕ್ಕದ ಮನೆಯ ಮೆಷಿನ್

ಬೆಲ್ಟಿನ ಭಾರಕ್ಕೆ ಅವನ ಸೊಂಟ ನೋಯುತ್ತಿತ್ತು. ಹೆಚ್ಚಿನ ಮ್ಯಾಗಜೀನ್‌ಗಳಿಗೆ ವೇಸ್ಟ್‌ಕೋಟಿನ ಒಳಗೆ ಎಡಗಡೆ ಎರಡು ಜೇಬು ಹೊಲಿದುಕೊಡಿ ಅಂದ. ಭಾರತಿ ಮುಖ ತಿರುಗಿಸಿದಳು, ಆದರೆ ಬೇಡ ಅನ್ನಲಿಲ್ಲ. ಎರಡರ ತನಕ ಅವಳು ಹಲ್ಲು ಕಚ್ಚಿ ಸಹಿಸಿದ್ದಳು.

ಪಕ್ಕದ ಮನೆಯವರ ಹೊಲಿಗೆ ಮೆಷಿನ್ ಎರವಲು ತಂದೆ. ಮ್ಯಾಗಜೀನ್ ಖಾಲಿ ಮಾಡಿಸಿ ಅಳತೆ ತೆಗೆದುಕೊಂಡೆ, ಮತ್ತೆ ತುಂಬಿಸಿ ಅಂಗೈಯಲ್ಲಿ ತೂಗಿ ನೋಡಿದೆ. ಒಂದೊಂದೂ ಕಾಲು ಕೆಜಿ ಹತ್ತಿರ. ಬಟ್ಟೆಯ ಕೆಲಸದಲ್ಲಿ ಕಾಲು ಕೆಜಿ ಅಂದರೆ ತಮಾಷೆಯಲ್ಲ. ಭುಜದ ಹೊಲಿಗೆಗೆ ಪಟ್ಟಿ ಕೊಟ್ಟೆ, ಮೂಲೆಗಳಿಗೆ ಎರಡು ಸಲ ಹೊಲಿಗೆ ಓಡಿಸಿದೆ. ಹಾಕಿ ನೋಡಿದಾಗ ಅಂಚು ಸಮವಾಗಿ ನಿಂತಿತು. ನನ್ನ ಕೈಕೆಲಸಕ್ಕೆ ನಾನೇ ಒಂದು ಕ್ಷಣ ಹಿಗ್ಗಿದೆ. ಭಾರತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಚಿಕೆಯಾಯಿತು.

ಆಯುಧ ಪೂಜೆಗೆ ಒಂದು ದಿನ ಇರುವಾಗ, ಭಾರತಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಮಂಜು ಬಂದು ಮೆಲ್ಲಗೆ, "ಅಕ್ಕ, ಇನ್ನೊಂದು ಜೇಬು ಆಗುತ್ತಾ? ಮೊಬೈಲ್‌ಗೆ" ಅಂದ.

"ಮೊಬೈಲ್ ಕೊಡು, ಅಳತೆ ತಗೋತೀನಿ."

"ಬೇಡ, ಆ ಎರಡು ಜೇಬಿನ ಅಳತೆನೇ ಸಾಕು."

ಮೊಬೈಲ್ ಅಂಗೈಯಗಲ ಇರುತ್ತದೆ. ಆ ಜೇಬು ಎರಡು ಬೆರಳಗಲ. ಇದು ಮೂರನೆಯ ಮ್ಯಾಗಜೀನಿಗೆ. ಬಟ್ಟೆ ಕತ್ತರಿಸಿದೆ, ಪಿನ್ ಹಾಕಿದೆ, ಹೊಲಿಯಲು ಕೈ ಬರಲಿಲ್ಲ. "ನಾಳೆ ಹಬ್ಬ, ಆಮೇಲೆ ನೋಡೋಣ" ಎಂದು ಎತ್ತಿಟ್ಟೆ. ಭಾರತಿಗೆ ಹೇಳಲೇ ಬೇಡವೇ? ಹೇಳಿದರೆ ಸೂಟ್‌ಕೇಸ್ ತುಂಬುತ್ತದೆ. ಹೇಳದಿದ್ದರೆ ತಂಗಿಗೆ ಮೋಸ. ಹೇಳಲಿಲ್ಲ.

ಆಯುಧ ಪೂಜೆ

ನಮ್ಮಪ್ಪ ಯಶವಂತಪುರದ ಕಡೆ ಲೇತ್ ಮೆಷಿನ್ ನಡೆಸುತ್ತಿದ್ದವರು. ಆಯುಧ ಪೂಜೆಯ ದಿನ ಮನೆಯ ಉಪಕರಣಗಳೆಲ್ಲ ಮಣೆಯ ಮೇಲೆ. ಒಂದನ್ನೂ ಬಿಡುವಂತಿಲ್ಲ, ಬಿಟ್ಟದ್ದು ಮುನಿಸಿಕೊಳ್ಳುತ್ತದೆ ಅನ್ನುತ್ತಿದ್ದರು. ಇಟ್ಟ ಮೇಲೆ ಮರುದಿನ ಬೆಳಿಗ್ಗೆ ಪೂಜೆ ಮಾಡಿ ಎತ್ತುವ ತನಕ ಮುಟ್ಟುವಂತಿಲ್ಲ. ಮಂಜುವಿನ ಮನೆಯಲ್ಲೂ ಇದೇ ಪದ್ಧತಿ. ಸೋಲದೇವನಹಳ್ಳಿಯಲ್ಲಿ ಅವರ ತಾತ ಕುಡುಗೋಲು, ಸನಿಕೆ ಅಷ್ಟನ್ನೂ ಇಟ್ಟು, ಎಮ್ಮೆ ಹಗ್ಗಕ್ಕೂ ಕುಂಕುಮ ಹಚ್ಚುತ್ತಿದ್ದರಂತೆ.

ಮಣೆ ಹಾಸಿದೆ. ಹೊಲಿಗೆ ಮೆಷಿನ್, ನನ್ನ ಕತ್ತರಿ, ಮಂಜುವಿನ ಸ್ಪ್ಯಾನರ್ ಸೆಟ್, ಅಡುಗೆಮನೆಯ ಚಾಕು ಎಲ್ಲ ಬಂದವು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು.

"ನಿನ್ನ ಆಯುಧ ಎಲ್ಲಪ್ಪಾ?" ಅಂದೆ.

ಅವನು ಪಿಸ್ತೂಲಿನಿಂದ ಮ್ಯಾಗಜೀನ್ ತೆಗೆದ, ಒಳಗೆ ಒಂದೂ ಗುಂಡಿಲ್ಲ ಎಂದು ಎರಡು ಸಲ ಪರೀಕ್ಷಿಸಿ ಮಣೆಯ ಮೇಲಿಟ್ಟ. ತೆಗೆದ ಮ್ಯಾಗಜೀನ್ ಪಕ್ಕಕ್ಕಿಟ್ಟ. ಹೆಚ್ಚಿನ ಎರಡನ್ನೂ ಇಟ್ಟ. ನಾನು ಅರಿಶಿನದ ಬಟ್ಟಲು ಕೈಗೆತ್ತಿಕೊಂಡೆ. ಅವನು ಕೂರಲಿಲ್ಲ. ಮಣೆ ನೋಡಿದ, ದೇವರ ಫೋಟೋ ನೋಡಿದ. ಮುಖದ ಮೇಲೆ ಬೆವರು. ಆಮೇಲೆ ಸರಸರ ಕಾರಿನ ಹತ್ತಿರ ಹೋಗಿ ಏನೋ ತಂದು, ತಲೆ ತಗ್ಗಿಸಿಕೊಂಡು, ಸಾಲಿನ ಕೊನೆಗೆ ಇಟ್ಟ. ಹೊಸ ಮ್ಯಾಗಜೀನ್. ಸ್ಟಿಕ್ಕರ್ ಇನ್ನೂ ಕಿತ್ತಿರಲಿಲ್ಲ. ಹೆಂಡತಿಯಿಂದ ಬಚ್ಚಿಡಲು ಅವನಿಗೆ ಸಾಧ್ಯವಾಗಿತ್ತು, ಪೂಜೆಯಿಂದ ಬಚ್ಚಿಡಲು ಆಗಲಿಲ್ಲ.

ಭಾರತಿ ನೋಡಿದಳು. ಎಲ್ಲಕ್ಕೂ ಗಂಧ ಹಚ್ಚಿದಳು, ಕುಂಕುಮ ಇಟ್ಟಳು, ಅಕ್ಷತೆ ಹಾಕಿದಳು, ಆ ಹೊಸದಕ್ಕೂ ಹಾಕಿದಳು. ಮಂಗಳಾರತಿ ಆದ ಮೇಲೆ ಒಳಗೆ ಹೋದಳು. ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಯುವ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.

ಅಂಗಡಿ ತೆರೆಯುವ ಹೊತ್ತು. ಮಂಜು ಅಭ್ಯಾಸಬಲದಿಂದ ಮಣೆಯ ಕಡೆ ಕೈ ಚಾಚಿದ.

"ಮುಟ್ಟಬೇಡ. ನಾಳೆ ತನಕ."

"ಅಕ್ಕ, ಅಂಗಡಿ..."

"ಗೊತ್ತು. ನಾನೂ ಬರ್ತೀನಿ ನಡಿ."

ಬಾಗಿಲು ದಾಟುವಾಗ ಅವನ ಕೈ ಮೂರು ಸಲ ಸೊಂಟ ಮುಟ್ಟಿ ನೋಡಿಕೊಂಡಿತು.

ಅದೇ ದಿನ ಮಧ್ಯಾಹ್ನ, ಅಂಗಡಿ

ಬೆಳಗಿನಿಂದ ಪ್ರತಿ ಟಿಣ್‌ಗೂ ಅವನ ಬಣ್ಣ ಬದಲಾಗುತ್ತಿತ್ತು. ನಾನು ಹೂ ಕಟ್ಟುತ್ತಾ ಸುಮ್ಮನೆ ಕೂತೆ. ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಗುರುತಿಲ್ಲದ ಒಬ್ಬ ಬಂದ. ಎತ್ತರದ ಆಳು, ಹಣೆಯ ತನಕ ಟೋಪಿ, ಬಲಗೈ ಜಾಕೆಟ್ಟಿನ ಜೇಬಿನೊಳಗೆ. ಸೀದಾ ಗಲ್ಲಾದ ಮುಂದೆ ನಿಂತ. ಮಂಜುವಿನ ಎರಡು ಅಂಗೈಗಳೂ ಕೌಂಟರ್ ಮೇಲೆ ಚಪ್ಪಟೆಯಾಗಿ ಕೂತವು, ಬೆರಳು ಅಗಲಿಸಿ, ಅಂಟು ಹಾಕಿದ ಹಾಗೆ.

ಆ ಮನುಷ್ಯ ಜೇಬಿನಿಂದ ಚೀಟಿ ತೆಗೆದ. ಹೆಂಡತಿ ಬರೆದುಕೊಟ್ಟ ಸಾಮಾನಿನ ಪಟ್ಟಿ. ಅಕ್ಷರ ತಿಳಿಯುತ್ತಿಲ್ಲ, ಇದೇನಿರಬಹುದು ಎಂದು ಕೇಳಿದ. ಮಂಜುವಿನ ಕಣ್ಣು ಚೀಟಿಯ ಕಡೆ ಹೊರಳಲೇ ಇಲ್ಲ. ನಾನೇ ಎದ್ದು ಚೀಟಿ ತೆಗೆದುಕೊಂಡು, ಕಷ್ಟಪಟ್ಟು ಓದಿ, ಬೇಕಿಂಗ್ ಪೌಡರ್ ತೋರಿಸಿದೆ. ಹಣ ಗಲ್ಲಾದ ಪಕ್ಕ ಇಟ್ಟು, ಥ್ಯಾಂಕ್ಸ್ ಹೇಳಿ, ಅವನು ಹೋದ.

ಮಂಜುವಿನ ಅಂಗೈಗಳು ಇನ್ನೂ ಕೌಂಟರ್ ಮೇಲೇ ಇದ್ದವು.

"ಮಂಜು, ಹೋದ ಕಣೋ ಅವನು."

"ಅಕ್ಕ, ಆವತ್ತೂ ಇಂಗೇ." ಊರಿನ ಮಾತು ಅವನ ಬಾಯಿಗೆ ಬಂದಿತ್ತು. "ಕಾರಲ್ಲಿ ಇರ್ಲಿಲ್ಲ ಅಕ್ಕ. ಸೊಂಟದಲ್ಲೇ ಇತ್ತು. ಅದಿನೈದು ಗುಂಡೂ ಇತ್ತು. ಕೈ ಮೇಲಕ್ಕೇಳ್ಲಿಲ್ಲ. ಗಲ್ಲಾ ನಾನೇ ತೆಗ್ದು ಕೊಟ್ಟೆ. ಎಂಡ್ತಿಗೆ ಏನಂತ ಏಳ್ಲಿ? ಸುಳ್ಳು ಏಳ್ದೆ. ಆಮೇಲೆ ಅನ್ಸೋದು, ಇನ್ನೊಂದು ಇದ್ದಿದ್ರೆ ಧೈರ್ಯ ಬರ್ತಿತ್ತೇನೋ ಅಂತ. ತಂದೆ. ಧೈರ್ಯ ಬರ್ಲಿಲ್ಲ. ಇನ್ನೊಂದು ತಂದೆ." ನಲವತ್ತೊಂಬತ್ತು ವರ್ಷದ ಗಂಡಸು, ಕಣ್ಣೀರು ಗಡ್ಡದೊಳಕ್ಕೆ ಇಳಿಯುತ್ತಿತ್ತು.

ನನಗೂ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಅವನ ಕೈಗಳನ್ನು ಒಂದೊಂದಾಗಿ ಕೌಂಟರಿನಿಂದ ಎತ್ತಿದೆ. ತಣ್ಣಗಿದ್ದವು.

"ಬೆಪ್ಪೇ, ಅವನ ಕೈಯಲ್ಲಿ ಆಗ್ಲೇ ಪಿಸ್ತೂಲಿತ್ತು. ಆವತ್ತು ನಿನ್ನ ಕೈ ಎದ್ದಿದ್ರೆ ನಾನು ಇಲ್ಲಿಗೆ ದಸರಾಕ್ಕೆ ಬರ್ತಿರ್ಲಿಲ್ಲ, ನಿನ್ನ ತಿಥಿಗೆ ಬರ್ತಿದ್ದೆ. ಭಾರತಿಗೆ ಹೇಳು. ನಾನು ಹೇಳಲ್ಲ. ನೀನೇ ಹೇಳ್ಬೇಕು."

ಅಷ್ಟರಲ್ಲಿ ಬಾಗಿಲು ಟಿಣ್ ಅಂದಿತು. ವಾಲ್ಟರ್, ಕಾಫಿಗೆ. ನಮ್ಮಿಬ್ಬರ ಮುಖ ನೋಡಿ ಏನೂ ಕೇಳದೆ ತಾನೇ ಕಾಫಿ ಬಗ್ಗಿಸಿಕೊಂಡು ಕಿಟಕಿ ಬಳಿ ಹೋಗಿ ಕೂತ. ಸಂಜೆ ನಾವು ಹೊರಡುವ ತನಕ ಅಲ್ಲೇ ಇದ್ದ.

ವಿಜಯದಶಮಿ

ಆ ಸಂಜೆ ಮನೆಗೆ ಬಂದವನೇ ಮಂಜು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಹಿತ್ತಿಲಲ್ಲಿ ಕೂತು ನಸೀಮಾಗೆ ಫೋನ್ ಮಾಡಿ ಅಂಗಡಿಯ ಸಮಾಚಾರ ಕೇಳಿದೆ. ಅವಳು ನನ್ನ ಮೆಷಿನ್‌ಗಳಿಗೆ ಹೂ ಹಾಕಿ, ಬಾಗಿಲಿಗೆ ಕುಂಬಳಕಾಯಿ ಒಡೆಸಿ, ಬೀದಿಗೆಲ್ಲ ಪುರಿ ಹಂಚಿದ್ದಳು. ಏನು ಮಾತಾಡಿದೆನೋ, ಕಿವಿ ಮಾತ್ರ ಕೋಣೆಯ ಕಡೆ ಇತ್ತು. ಒಳಗಿಂದ ಮೊದಲು ಅವನ ದನಿ, ಆಮೇಲೆ ಭಾರತಿ ಗಟ್ಟಿಯಾಗಿ ಅತ್ತದ್ದು ಕೇಳಿಸಿತು.

ಬೆಳಿಗ್ಗೆ ಪೂಜೆ ಮಾಡಿ ಆಯುಧ ಎತ್ತಿದೆವು. ನಾನು ಕತ್ತರಿ ಕಣ್ಣಿಗೊತ್ತಿಕೊಂಡೆ. ಮಂಜು ಪಿಸ್ತೂಲು ಒರೆಸಿ, ಒಂದು ಮ್ಯಾಗಜೀನ್ ತೆಗೆದುಕೊಂಡ. ಉಳಿದ ಮೂರರ ಕಡೆ ನೋಡುತ್ತಾ ನಿಂತ. ಆಮೇಲೆ ವೇಸ್ಟ್‌ಕೋಟ್ ತಂದು ನನ್ನ ಮುಂದೆ ಇಟ್ಟ.

"ಜೇಬು ಎರಡೂ ಬಿಚ್ಚಿಬಿಡಿ ಅಕ್ಕ."

ನಾನು ಕತ್ತರಿಯ ತುದಿ ಹೊಲಿಗೆಗೆ ಹಾಕುವಷ್ಟರಲ್ಲಿ ಭಾರತಿ ಕಾಫಿ ಲೋಟಗಳನ್ನು ತಂದಳು. ಕಣ್ಣು ಊದಿಕೊಂಡಿತ್ತು.

"ಒಂದು ಇರ್ಲಿ ಬಿಡು ಅಕ್ಕ" ಅಂದಳು. "ಸ್ಪ್ರಿಂಗ್ ಹಿಡ್ಕೊಂಡ್ರೆ ಬೇಕಾಗತ್ತಂತೆ."

ಮಂಜು ಅವಳ ಮುಖ ನೋಡಿದ. ಅವಳು ನೋಡಲಿಲ್ಲ, ಲೋಟ ಅವನ ಕೈಗೆ ಕೊಟ್ಟು ಅವನ ಪಕ್ಕದಲ್ಲೇ ಕೂತಳು. ನಾನು ಒಂದು ಜೇಬು ಬಿಚ್ಚಿದೆ. ನಾನೇ ಎರಡೆರಡು ಸಲ ಹೊಲಿದದ್ದು, ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಬಟ್ಟೆಯ ಮೇಲೆ ಸೂಜಿ ತೂತುಗಳ ಸಾಲು ಉಳಿಯಿತು.

"ಇದು ಹೋಗುತ್ತಾ?" ಎಂದು ಮಂಜು ಬೆರಳಾಡಿಸಿದ.

"ನಾಲ್ಕು ಸಲ ಒಗೆದ್ರೆ ಮುಚ್ಕೊಳತ್ತೆ" ಅಂದೆ.

ಆ ವಾರ ಅವನು ವಾಲ್ಟರ್ ಜೊತೆ ಗುಂಡು ಹೊಡೆಯುವ ಅಭ್ಯಾಸಕ್ಕೆ ಹೋದಾಗ ಪಿಸ್ತೂಲು ಮೂರನೇ ಗುಂಡಿಗೇ ನಿಂತುಬಿಟ್ಟಿತಂತೆ. ವಾಲ್ಟರ್ ಬಿಚ್ಚಿ ನೋಡಿದರೆ ಒಳಗೆ ಕೆಂಪು ಪುಡಿ, ಜೊತೆಗೆ ಒಂದು ಅಕ್ಕಿಕಾಳು. ಎಷ್ಟೋ ವರ್ಷ ಬಂದೂಕು ಬಿಚ್ಚಿದ ಆ ಮುದುಕ ಅಕ್ಕಿಕಾಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಹತ್ತಿರ ತಂದು, "ಇದು ಎಷ್ಟು ಒಯ್ಯಬೇಕು ಮೇಡಂ?" ಎಂದು ಕೇಳಿದ. ಮಂಜು ನಕ್ಕ. ಭಾರತಿಯ ಮನೆಗೆ ಹೋದಂದಿನಿಂದ ಅವನು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮತ್ತೆ ಹೆಬ್ಬಾಳ

ಹಿಂದಿರುಗುವ ದಿನ ನನ್ನ ಹಳೆಯ ಸೂಟ್‌ಕೇಸಿನ ಜಿಪ್ ಕಿತ್ತುಹೋಯಿತು. ಟೈಲರ್ ಕೈಗೂ ಅದು ರಿಪೇರಿ ಆಗಲಿಲ್ಲ. ಭಾರತಿ ತನ್ನ ಕೆಂಪು ಸೂಟ್‌ಕೇಸನ್ನು ಮಂಚದ ಮೇಲೆ ಕವುಚಿ, ತನ್ನ ಬಟ್ಟೆಯನ್ನೆಲ್ಲ ಬೀರುವಿಗೆ ವಾಪಸು ಜೋಡಿಸಿ, ನನ್ನ ಸೀರೆಗಳನ್ನು ತುಂಬಿಕೊಟ್ಟಳು. ಎಲ್ಲಾದರೂ ಒಂದು ಗುಂಡು ಸೇರಿಕೊಂಡಿದ್ದರೆ ಏನು ಗತಿ ಎಂದು ನಾನು ಅದರ ಮೂಲೆ ಮೂಲೆ ತಡವಿ ನೋಡಿದೆ. ಕತ್ತರಿ ಈ ಸಲ ಜಾಣತನದಿಂದ ಒಳಗೇ ಹೋಯಿತು. ಹೊಲಿಯದೆ ಉಳಿದ ಮೂರನೆಯ ಜೇಬಿನ ತುಂಡನ್ನು ಅದರ ಬಾಯಿಗೆ ಸುತ್ತಿದ್ದೆ.

ಬೆಂಗಳೂರಿನಲ್ಲಿ ನಸೀಮಾ ಬಂದಿದ್ದಳು. ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ಎಂದಿನಂತೆ ನಿಂತಿತು. ಕೆಳಗೆ ಕೆರೆ, ಎದುರಿಗೆ ಹಾರ್ನ್. ಅವಳು ಹಿಂದಿನ ಸೀಟಿನ ಕಡೆ ತಿರುಗಿ, ಮೂರು ವರ್ಷದ ಹಿಂದೆ ಬಂದಾಗ ಭಾರತಿ ತಂದಿದ್ದ ಸೂಟ್‌ಕೇಸಿನ ಗುರುತು ಹಿಡಿದಳು.

"ಅಕ್ಕಾ, ಇದು ಭಾರತಿದಲ್ವಾ? ಅವಳೂ ಬಂದಿದಾಳಾ? ಎಲ್ಲಿ?"

"ಬಂದಿಲ್ಲ" ಅಂದೆ. "ಮಂಜು ಜೊತೆ ಇದಾಳೆ."